ಉಪವಿಭಾಗಕ್ಕೊಂದು ಪಡೆ: ಪಾಂಡವಪುರ ಸೀಮೆಯ ತುರ್ತುಸೇವೆ ನಡೆದು ಬಂದ ದಾರಿ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಎಂದು ನಾಲ್ಕು ತಾಲ್ಲೂಕುಗಳ ಹೆಸರನ್ನು ಒಂದೇ ಉಸಿರಿಗೆ ಹೇಳುವುದು ಕಂದಾಯ ಇಲಾಖೆಯವರ ರೂಢಿ. ಮಂಡ್ಯ ಜಿಲ್ಲೆಯ ಏಳು ತಾಲ್ಲೂಕುಗಳಲ್ಲಿ ಮಂಡ್ಯ, ಮದ್ದೂರು, ಮಳವಳ್ಳಿ ಸೇರಿ ಒಂದು ಉಪವಿಭಾಗವಾದರೆ ಉಳಿದ ಈ ನಾಲ್ಕೂ ಸೇರಿ ಪಾಂಡವಪುರ ಉಪವಿಭಾಗ. ಜಮೀನಿನ ಮೇಲ್ಮನವಿ, ಭೂಸ್ವಾಧೀನ, ಪಹಣಿ ತಕರಾರು ಎಂದು ಅಲೆದವರಿಗೆಲ್ಲ ಪಾಂಡವಪುರದ ಉಪವಿಭಾಗಾಧಿಕಾರಿಗಳ (ಎ.ಸಿ.) ಕಚೇರಿ ಚೆನ್ನಾಗಿ ಗೊತ್ತು. ಆದರೆ ನಾಲೆಗೆ ವಾಹನ ಬಿದ್ದಾಗ, ಹೊಳೆ ಉಕ್ಕಿದಾಗ, ಹೆದ್ದಾರಿಯಲ್ಲಿ ಟ್ಯಾಂಕರ್ ಮಗುಚಿದಾಗ ಈ ಕಚೇರಿಯ ಹೆಸರು ಸಾಮಾನ್ಯವಾಗಿ ಯಾರ ಬಾಯಲ್ಲೂ ಬರುವುದಿಲ್ಲ. ಕೆಳಗೆ ತಹಸೀಲ್ದಾರರು, ಮೇಲೆ ಜಿಲ್ಲಾಧಿಕಾರಿಗಳು. ನಡುವಿನ ಮೆಟ್ಟಿಲು ಖಾಲಿ. ಸ್ಮರಣ ಸಂಚಿಕೆಯ ಲೇಖನವೆಂದರೆ ಸಾಧನೆಗಳ ಪಟ್ಟಿ ಎಂಬ ನಂಬಿಕೆ ನಮ್ಮಲ್ಲಿದೆ. ಅರವತ್ತು ವರ್ಷಗಳ ಅಗ್ನಿಶಾಮಕ ಸೇವೆಯ ಸಾಧನೆ ಸಣ್ಣದಲ್ಲ, ಅದಕ್ಕೆ ಕೈಮುಗಿದೇ ಇಲ್ಲಿ ಬೇರೆಯದೊಂದು ಮಾತು ಹೇಳಬೇಕಾಗಿದೆ. ಈ ಅವಧಿಯಲ್ಲಿ ವಿಶೇಷ ತರಬೇತಿ, ವಿಶೇಷ ಸಲಕರಣೆಗಳೆಲ್ಲ ರಾಜಧಾನಿಯ ಕಡೆಗೆ ಸೇರಿದವು. ಊರಿನವರ ಪಾಲಿಗೆ ಧೈರ್ಯವೊಂದೇ ಉಳಿಯಿತು. ಇವೆರಡನ್ನೂ ಕೂಡಿಸುವ ಜಾಗ ಉಪವಿಭಾಗ ಎಂಬುದು ಈ ಲೇಖನದ ವಾದ.

ಇಲ್ಲಿನ ಅಪಾಯಗಳು ಯಾವುವು ಎಂಬುದನ್ನು ಮೊದಲು ನೋಡೋಣ. ಒಂದನೆಯದು ನೀರು. 1911ರಲ್ಲಿ ಕೆಲಸ ಶುರುವಾಗಿ 1930ರ ದಶಕದ ಆರಂಭಕ್ಕೆ ಪೂರ್ಣಗೊಂಡ ಕನ್ನಂಬಾಡಿ ಕಟ್ಟೆಯ ಗರಿಷ್ಠ ಮಟ್ಟ 124.80 ಅಡಿ, ಸಂಗ್ರಹ ಸುಮಾರು 49.45 ಟಿಎಂಸಿ. ಕೊಡಗಿನಲ್ಲಿ ಮಳೆ ಹೊಡೆದು ಹೊರಹರಿವು 1 ಲಕ್ಷ ಕ್ಯೂಸೆಕ್ ದಾಟಿತೆಂದರೆ ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆ, ನಿಮಿಷಾಂಬ ದೇವಸ್ಥಾನದ ಸ್ನಾನಘಟ್ಟ, ರಂಗನತಿಟ್ಟಿನ ನಡುಗಡ್ಡೆಗಳು ನೀರಿನಡಿಗೆ ಹೋಗುತ್ತವೆ. ಅತ್ತ ಕೆ.ಆರ್. ಪೇಟೆ ತಾಲ್ಲೂಕಿನ ಅಂಬಿಗರಹಳ್ಳಿಯ ಬಳಿ ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥಗಳ ಸಂಗಮ. 2022ರ ಅಕ್ಟೋಬರ್‌ನಲ್ಲಿ ಅಲ್ಲಿ ಮಹಾಕುಂಭಮೇಳ ನಡೆದಾಗ ಹಿನ್ನೀರಿನ ದಡದಲ್ಲಿ ಜನಸಾಗರ. ಎರಡನೆಯದು ಕಲ್ಲು ಮತ್ತು ಮದ್ದು. ಪಾಂಡವಪುರ ತಾಲ್ಲೂಕಿನ ಬೇಬಿ ಬೆಟ್ಟದ ಗಣಿಗಾರಿಕೆ ಅಣೆಕಟ್ಟೆಗೆ ಅಪಾಯವೇ ಎಂಬ ವಿವಾದ ವರ್ಷಗಟ್ಟಲೆ ನಡೆದು, 2024ರ ಜನವರಿಯಲ್ಲಿ ಹೈಕೋರ್ಟ್ ಕಟ್ಟೆಯ ಸುತ್ತ 20 ಕಿ.ಮೀ. ವ್ಯಾಪ್ತಿಯಲ್ಲಿ ಗಣಿಗಾರಿಕೆಗೆ ತಡೆ ಹಾಕಿತು. ಮೂರನೆಯದು ರಸ್ತೆ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು–ಮೈಸೂರು ದಶಪಥ ಶ್ರೀರಂಗಪಟ್ಟಣವನ್ನು ಹಾದರೆ, ಬೆಂಗಳೂರು–ಮಂಗಳೂರು ಹೆದ್ದಾರಿ ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಕ್ರಾಸನ್ನು ಹಾದು ಹೋಗುತ್ತದೆ. ಬಂದರಿನಿಂದ ಮೇಲೇರುವ ಅಡುಗೆ ಅನಿಲ, ಪೆಟ್ರೋಲು, ರಾಸಾಯನಿಕಗಳ ಟ್ಯಾಂಕರುಗಳು ಹಗಲೂ ರಾತ್ರಿ ಓಡುವ ದಾರಿ ಅದು.

ಅಪಾಯದ ವಸ್ತು ಈ ಸೀಮೆಗೆ ಹೊಸತೇನೂ ಅಲ್ಲ. ಶ್ರೀರಂಗಪಟ್ಟಣದ ಕೋಟೆಯೊಳಗೆ ಅಲ್ಲಲ್ಲಿ ಚದುರಿ ನಿಂತಿರುವ ಟಿಪ್ಪುವಿನ ಕಾಲದ ಮದ್ದಿನ ಮನೆಗಳನ್ನು ನೋಡಿದವರಿಗೆ ಒಂದು ವಿಷಯ ಹೊಳೆಯದಿರದು. ಗೋಡೆ ದಪ್ಪ, ಕಟ್ಟಡದ ಒಂದಷ್ಟು ಭಾಗ ನೆಲದೊಳಗೆ, ಒಂದಕ್ಕೊಂದು ಅಂತರ. ಒಂದು ಸಿಡಿದರೆ ಎಲ್ಲವೂ ಸಿಡಿಯಬಾರದೆಂಬ ಲೆಕ್ಕ ಕಟ್ಟಿದವರಿಗಿತ್ತು. ಅವುಗಳಲ್ಲೊಂದನ್ನು 2017ರಲ್ಲಿ ರೈಲ್ವೆ ಜೋಡಿಹಳಿಯ ಕೆಲಸಕ್ಕಾಗಿ ಒಡೆಯದೆ, ಇಡಿಯಾಗಿ ಎತ್ತಿ ಪಕ್ಕಕ್ಕೆ ಸರಿಸಿದ್ದನ್ನು ಜನ ಬೆರಗಿನಿಂದ ನೋಡಿದರು. ಇನ್ನು ಅದೇ ತಾಲ್ಲೂಕಿನ ಬೆಳಗೊಳದಲ್ಲಿ 1930ರ ದಶಕದ ಕೊನೆಯ ಹೊತ್ತಿಗೆ ತಲೆಯೆತ್ತಿದ ಮೈಸೂರು ಕೆಮಿಕಲ್ಸ್ ಅಂಡ್ ಫರ್ಟಿಲೈಸರ್ಸ್ ಕಾರ್ಖಾನೆ ದೇಶದಲ್ಲೇ ಕೃತಕವಾಗಿ ಅಮೋನಿಯಾ ತಯಾರಿಸಿದ ಮೊದಮೊದಲ ಕಾರ್ಖಾನೆಗಳಲ್ಲೊಂದು. ಗಂಧಕಾಮ್ಲ, ಅಮೋನಿಯಂ ಸಲ್ಫೇಟ್ ಎಂಬ ಹೆಸರುಗಳು ಈ ಹೊಳೆದಂಡೆಯ ಹಳ್ಳಿಗಳ ಕಿವಿಗೆ ಸ್ವಾತಂತ್ರ್ಯಕ್ಕೂ ಮೊದಲೇ ಬಿದ್ದಿದ್ದವು. ಮೈಸೂರು ನಗರಕ್ಕೆ ಕುಡಿಯುವ ನೀರು ಹೋಗುವುದೂ ಬೆಳಗೊಳ, ಹೊಂಗಳ್ಳಿಯ ನೀರೆತ್ತುವ ಘಟಕಗಳಿಂದ. ಹೀಗೆ ಅಷ್ಟು ದೊಡ್ಡ ನಗರದ ಬಾಯಾರಿಕೆ ನೀಗುವುದು ಈ ಗ್ರಾಮೀಣ ತಾಲ್ಲೂಕಿನ ನೀರಿನಿಂದ. ನೀರು ಶುದ್ಧೀಕರಣವೆಂದರೆ ಸಾಮಾನ್ಯವಾಗಿ ಕ್ಲೋರಿನ್. ಪಾಂಡವಪುರದಲ್ಲೂ ಕೆ.ಆರ್. ಪೇಟೆ ತಾಲ್ಲೂಕಿನ ಮಾಕವಳ್ಳಿಯಲ್ಲೂ ಸಕ್ಕರೆ ಕಾರ್ಖಾನೆಗಳಿವೆ. ಆದ್ದರಿಂದ ‘ಇದು ಕಬ್ಬು ಭತ್ತದ ನಾಡು, ಇಲ್ಲಿ ರಾಸಾಯನಿಕ ದುರಂತ ಎಲ್ಲಿಂದ ಬಂತು’ ಎನ್ನುವ ಮಾತು ನಿಲ್ಲುವುದಿಲ್ಲ.

ಈಗ ಸಂಸ್ಥೆಯ ಕಥೆಗೆ ಬರೋಣ. ಮೊದಲು ಪೊಲೀಸರ, ಪುರಸಭೆಗಳ ಕೈಯಲ್ಲಿದ್ದ ಬೆಂಕಿ ಆರಿಸುವ ಕೆಲಸ ಪ್ರತ್ಯೇಕ ಇಲಾಖೆಯಾದದ್ದು 1964ರ ಅಗ್ನಿಶಾಮಕ ದಳ ಕಾಯ್ದೆಯಿಂದ. ಅದು ಜಾರಿಗೆ ಬಂದದ್ದು 1965ರ ನವೆಂಬರ್‌ನಲ್ಲಿ. ದಳದ ಹೆಸರು ಮುಂದೆ ‘ಅಗ್ನಿಶಾಮಕ ಮತ್ತು ತುರ್ತು ಸೇವೆಗಳು’ ಎಂದು ಬದಲಾಯಿತು. ಹೆಸರು ಬದಲಾಗುವ ಮೊದಲೇ ಕೆಲಸ ಬದಲಾಗಿತ್ತು: ಬಾವಿಗೆ ಬಿದ್ದ ದನ ಎತ್ತುವುದು, ಕೆರೆಯಲ್ಲಿ ಶವ ಹುಡುಕುವುದು, ಅಪಘಾತದ ಲಾರಿಯಲ್ಲಿ ಸಿಕ್ಕಿಕೊಂಡವರನ್ನು ಬಿಡಿಸುವುದು ಎಲ್ಲವೂ ಠಾಣೆಯ ಸಿಬ್ಬಂದಿಯ ತಲೆಗೇ ಬಂದಿದ್ದವು. ತರಬೇತಿಗೆ ಬೆಂಗಳೂರಿನ ಆರ್.ಎ. ಮುಂಡ್ಕೂರ್ ಅಕಾಡೆಮಿ ಇದೆ. ಕಾಲಕ್ರಮದಲ್ಲಿ ತಾಲ್ಲೂಕು ಕೇಂದ್ರಗಳಿಗೂ ಠಾಣೆಗಳು ಬಂದವು. ಪ್ರತಿ ಏಪ್ರಿಲ್ 14ರಂದು ಈ ಠಾಣೆಗಳಲ್ಲಿ ಹುತಾತ್ಮರಿಗೆ ನಮನ ಸಲ್ಲಿಸುವುದು 1944ರ ಮುಂಬೈ ಬಂದರಿನ ಸ್ಫೋಟದ ನೆನಪಿಗೆ. ಹತ್ತಿ ಮೂಟೆಯನ್ನೂ ಸ್ಫೋಟಕವನ್ನೂ ಒಟ್ಟಿಗೆ ತುಂಬಿಕೊಂಡಿದ್ದ ‘ಫೋರ್ಟ್ ಸ್ಟಿಕಿನ್’ ಹಡಗಿಗೆ ಬೆಂಕಿ ಬಿದ್ದಾಗ ಆರಿಸಲು ಹೋದ 66 ಮಂದಿ ಸಿಬ್ಬಂದಿ ಪ್ರಾಣ ಕಳೆದುಕೊಂಡರು. ಒಳಗೆ ಏನಿದೆ ಎಂದು ತಿಳಿಯದೆ ಹತ್ತಿರ ಹೋಗಬಾರದು ಎಂಬುದು ಅಪಾಯಕಾರಿ ವಸ್ತುಗಳ ಕಾರ್ಯಾಚರಣೆಯ ಮೊದಲ ಪಾಠ. ನಮ್ಮ ಅಗ್ನಿಶಾಮಕ ದಿನವೇ ಆ ಪಾಠದ ದಿನ ಎಂಬುದನ್ನು ಭಾಷಣಗಳಲ್ಲಿ ಯಾರೂ ಹೇಳುವುದು ಕಾಣೆ.

ಈ ಪಾಠ ಕಾನೂನಿಗೆ ಇಳಿಯಲು ಭೋಪಾಲ ಆಗಬೇಕಾಯಿತು. 1984ರ ಡಿಸೆಂಬರ್ 2–3ರ ರಾತ್ರಿಯ ನಂತರ 1986ರ ಪರಿಸರ ಸಂರಕ್ಷಣಾ ಕಾಯ್ದೆ, ಅದರಡಿ 1989ರ ಅಪಾಯಕಾರಿ ರಾಸಾಯನಿಕಗಳ ನಿಯಮಗಳು, 1996ರಲ್ಲಿ ರಾಸಾಯನಿಕ ಅಪಘಾತಗಳ ತುರ್ತು ಯೋಜನೆ, ಸಿದ್ಧತೆ ಮತ್ತು ಸ್ಪಂದನ ನಿಯಮಗಳು ಬಂದವು. ಈ ಕೊನೆಯದನ್ನು ಸ್ವಲ್ಪ ನಿಧಾನವಾಗಿ ಓದಬೇಕು. ಕೇಂದ್ರ, ರಾಜ್ಯ, ಜಿಲ್ಲೆಗಳಿಗೆ ಒಂದೊಂದು ಬಿಕ್ಕಟ್ಟು ನಿರ್ವಹಣಾ ಗುಂಪು ಹೇಳಿದ ನಿಯಮ, ಅಪಾಯಕಾರಿ ಕಾರ್ಖಾನೆಗಳಿರುವ ಪ್ರದೇಶಕ್ಕೆ ಸ್ಥಳೀಯ ಗುಂಪೊಂದನ್ನೂ ಹೇಳುತ್ತದೆ. ಅದರಲ್ಲಿ ಕಾರ್ಖಾನೆ ನಿರೀಕ್ಷಕರು, ಅಗ್ನಿಶಾಮಕ ಅಧಿಕಾರಿ, ಪೊಲೀಸ್ ಠಾಣಾಧಿಕಾರಿ, ಆರೋಗ್ಯ ಕೇಂದ್ರದ ವೈದ್ಯರು, ಸಾಗಣೆದಾರರು, ಊರಿನ ಪ್ರತಿನಿಧಿಗಳು, ಸ್ಥಳೀಯ ಪತ್ರಿಕೆಯ ಸಂಪಾದಕರು ಕೂಡ ಇರಬೇಕು. ತಿಂಗಳಿಗೊಮ್ಮೆ ಸಭೆ ಸೇರಬೇಕು, ಆರು ತಿಂಗಳಿಗೊಮ್ಮೆ ಅಣಕು ಕಾರ್ಯಾಚರಣೆ ನಡೆಸಬೇಕು. ಅಧ್ಯಕ್ಷತೆ ಯಾರದು? ಉಪವಿಭಾಗದ ದಂಡಾಧಿಕಾರಿಯದು, ಅಂದರೆ ನಮ್ಮ ಎ.ಸಿ.ಯವರದು. ಉಪವಿಭಾಗವನ್ನು ಘಟಕವಾಗಿ ಹಿಡಿಯಬೇಕೆಂಬ ವಿಚಾರ ಹೀಗೆ ಮೂರು ದಶಕಗಳಿಂದ ಕಾನೂನಿನ ಪುಸ್ತಕದಲ್ಲೇ ಇದೆ. 2005ರಲ್ಲಿ ವಿಪತ್ತು ನಿರ್ವಹಣಾ ಕಾಯ್ದೆ ಬಂದಾಗ ಗಮನವೆಲ್ಲ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರದ ಕಡೆ ತಿರುಗಿತು. 2006ರಲ್ಲಿ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆ ರೂಪುಗೊಂಡಿತು; ಕರ್ನಾಟಕಕ್ಕೆ ಬರುವ ಅದರ 10ನೇ ಬೆಟಾಲಿಯನ್ ನೆಲೆ ಆಂಧ್ರಪ್ರದೇಶದ ವಿಜಯವಾಡದ ಬಳಿ, ಅದರ ಒಂದು ತುಕಡಿ ಬೆಂಗಳೂರಿನಲ್ಲಿ. ಆಮೇಲೆ ರಾಜ್ಯ ಪಡೆಯೂ ಆಯಿತು. ವಿಕಿರಣ, ರಾಸಾಯನಿಕ, ಜೈವಿಕ ಅಪಾಯಗಳಿಗೆ ತರಬೇತಾದವರು, ಮುಳುಗುಗಾರರು, ಕುಸಿದ ಕಟ್ಟಡದಡಿ ಹುಡುಕುವ ನಾಯಿಗಳು ಎಲ್ಲ ಆ ಪಡೆಗಳಲ್ಲಿದ್ದಾರೆ. ಬರುತ್ತಾರೆ, ಚೆನ್ನಾಗಿಯೇ ಕೆಲಸ ಮಾಡುತ್ತಾರೆ. ಎಷ್ಟು ಹೊತ್ತಿಗೆ ಬರುತ್ತಾರೆ ಎಂಬುದೊಂದೇ ಪ್ರಶ್ನೆ.

2018ರ ನವೆಂಬರ್ 24ರ ಶನಿವಾರ ಈ ಪ್ರಶ್ನೆಗೆ ಉತ್ತರ ಸಿಕ್ಕಿತು. ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಮಂಡ್ಯದ ಕಡೆಗೆ ಹೊರಟಿದ್ದ ಖಾಸಗಿ ಬಸ್ಸು ವಿಶ್ವೇಶ್ವರಯ್ಯ (ವಿ.ಸಿ.) ನಾಲೆಗೆ ಉರುಳಿತು. ನಾಲೆ ತುಂಬಿ ಹರಿಯುತ್ತಿತ್ತು. 30 ಮಂದಿ ಸತ್ತರು. ಅರ್ಧ ದಿನದ ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಅವರಲ್ಲಿದ್ದರು. ಬದುಕಿ ಬಂದವರು ಬೆರಳೆಣಿಕೆಯಷ್ಟು. ಮೊದಲು ನೀರಿಗೆ ಧುಮುಕಿದವರು ಸುತ್ತಲ ಗದ್ದೆ ಕಬ್ಬಿನ ಹೊಲಗಳಲ್ಲಿದ್ದ ರೈತರು. ಅದೇ ರಾತ್ರಿ ನಟ, ರಾಜಕಾರಣಿ ಅಂಬರೀಶ್ ತೀರಿಕೊಂಡರು. ಮಂಡ್ಯ ಜಿಲ್ಲೆ ಎರಡು ಶೋಕಗಳನ್ನು ಒಟ್ಟಿಗೆ ಹೊತ್ತಿತು, ರಾಜ್ಯದ ಕಣ್ಣು ಎರಡನೆಯದರ ಕಡೆಗೆ ಹೊರಳಿತು. ಬಸ್ಸಿನ ವಿಷಯದಲ್ಲಿ ಚರ್ಚೆಯಾದದ್ದು ತಡೆಗೋಡೆ, ವೇಗ, ಬಸ್ಸಿನ ಸ್ಥಿತಿ. ಇವೆಲ್ಲ ಸರಿಯಾದ ಪ್ರಶ್ನೆಗಳೇ. ಆದರೆ ಮುಳುಗಿದ ವಾಹನದೊಳಗೆ ಉಸಿರು ಉಳಿಯುವುದು ಕೆಲವೇ ನಿಮಿಷ. ಆ ನಿಮಿಷಗಳಲ್ಲಿ ಬೇಕಾದದ್ದು ಗಾಜು ಒಡೆಯುವ ಸುತ್ತಿಗೆ, ಸೀಟ್ ಬೆಲ್ಟು ಕತ್ತರಿಸುವ ಚಾಕು, ದಡಕ್ಕೆ ಕಟ್ಟಿದ ಹಗ್ಗ, ಆ ಹಗ್ಗ ಸೊಂಟಕ್ಕೆ ಬಿಗಿದುಕೊಂಡು ಹರಿವಿನಲ್ಲಿ ಇಳಿಯುವ ಅಭ್ಯಾಸವಿದ್ದವರು. ಜೊತೆಗೆ, ಮೇಲಿನ ಗೇಟು ಇಳಿಸಿ ಹರಿವು ತಗ್ಗಿಸಲು ನೀರಾವರಿ ನಿಗಮದ ನೀರಗಂಟಿಗೆ ನೇರವಾಗಿ ಹೋಗುವ ಒಂದು ಫೋನ್ ಕರೆ. ಇದು ಯಾವ ದೊಡ್ಡ ಪಡೆಯ ಕೆಲಸವೂ ಅಲ್ಲ, ಹತ್ತಿರದ ಪಡೆಯ ಕೆಲಸ.

ತಡೆಗೋಡೆಯ ಮಾತು ಎದ್ದ ಮೇಲೂ ನಾಲೆ ಜೀವ ತೆಗೆದುಕೊಳ್ಳುವುದನ್ನು ಬಿಡಲಿಲ್ಲ. 2023ರ ಜುಲೈನಲ್ಲಿ ಶ್ರೀರಂಗಪಟ್ಟಣ ತಾಲ್ಲೂಕಿನ ಗಾಮನಹಳ್ಳಿ ಬಳಿ ಕಾರು ನಾಲೆಗೆ ಬಿದ್ದು ನಾಲ್ವರು ಮಹಿಳೆಯರು, ನವೆಂಬರ್‌ನಲ್ಲಿ ಪಾಂಡವಪುರದ ಬನಘಟ್ಟ ಬಳಿ ಐವರು ಸತ್ತರು. ಒಂದೇ ನಾಲೆ, ಒಂದೇ ಬಗೆ. ಇದನ್ನು ಆಕಸ್ಮಿಕ ಎನ್ನುವುದಕ್ಕಿಂತ ಈ ಸೀಮೆಯ ಖಾಯಂ ವಿಪತ್ತು ಎನ್ನುವುದೇ ಸರಿ. ಮಹಾನಗರದ ವಿಶೇಷ ಪಡೆಯನ್ನು ನಕಲು ಮಾಡಿ ಇಲ್ಲಿ ಇಟ್ಟರೆ ಕುಸಿದ ಬಹುಮಹಡಿ ಕಟ್ಟಡಕ್ಕೆ ಅದು ಸಜ್ಜಾಗಿರುತ್ತದೆ, ಹರಿಯುವ ನಾಲೆಗೆ ಸಜ್ಜಾಗಿರುವುದಿಲ್ಲ. ಇಲ್ಲಿನ ಪಡೆಯ ಮೊದಲ ವಿಶೇಷತೆ ಹರಿವ ನೀರಿನದ್ದೇ ಆಗಬೇಕು.

ಎರಡನೆಯ ವಿಶೇಷತೆ ವಿಷ ಮತ್ತು ಅನಿಲದ್ದು. ಕನಗನಮರಡಿ ದುರಂತವಾಗಿ ಮೂರು ವಾರ ಕಳೆಯುವ ಮೊದಲೇ, 2018ರ ಡಿಸೆಂಬರ್ 14ರಂದು, ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯಲ್ಲಿ ಮಾರಮ್ಮನ ಪ್ರಸಾದಕ್ಕೆ ಬೆರೆತ ಕೀಟನಾಶಕ 17 ಜೀವ ತೆಗೆಯಿತು. ನೂರಕ್ಕೂ ಹೆಚ್ಚು ಮಂದಿಯನ್ನು ಕಾಮಗೆರೆ, ಕೊಳ್ಳೇಗಾಲ, ಕೊನೆಗೆ ಮೈಸೂರಿನ ಆಸ್ಪತ್ರೆಗಳಿಗೆ ಸಾಗಿಸಬೇಕಾಯಿತು. ವಿಷಪ್ರಕರಣದಲ್ಲಿ ಅಗತ್ಯವಾದದ್ದು ಬೆಂಕಿ ಆರಿಸುವ ಗಾಡಿಯಲ್ಲ; ಅಟ್ರೋಪಿನ್ ಎಂಬ ಪ್ರತಿವಿಷ, ಕೃತಕ ಉಸಿರಾಟದ ಯಂತ್ರ, ಯಾರನ್ನು ಮೊದಲು ಸಾಗಿಸಬೇಕೆಂದು ಸ್ಥಳದಲ್ಲೇ ವಿಂಗಡಿಸುವ ಕಣ್ಣು. 1995ರ ಮಾರ್ಚ್ 20ರಂದು ಟೋಕಿಯೊ ಸುರಂಗ ರೈಲಿನಲ್ಲಿ ಸರಿನ್ ಅನಿಲ ಹರಡಿದಾಗಲೂ ಹೀಗೇ. ಪೀಡಿತರು ಕಾಲ್ನಡಿಗೆಯಲ್ಲಿ, ಟ್ಯಾಕ್ಸಿಗಳಲ್ಲಿ ನೇರ ಆಸ್ಪತ್ರೆಗೆ ನುಗ್ಗಿದರು. ಅವರ ಬಟ್ಟೆಯಲ್ಲಿದ್ದ ವಿಷ ದಾದಿಯರಿಗೂ ವೈದ್ಯರಿಗೂ ತಗುಲಿತು. ಅಮೆರಿಕದ ನಗರಗಳಲ್ಲಿ ವಿಶೇಷ ವೈದ್ಯಕೀಯ ಸ್ಪಂದನಾ ತಂಡಗಳು ಹುಟ್ಟಿದ್ದು ಆ ಘಟನೆಯ ಬೆನ್ನಿಗೇ. ಆಸ್ಪತ್ರೆಯ ಬಾಗಿಲಾಚೆಯೇ ಬಟ್ಟೆ ತೆಗೆಸಿ ನೀರು ಹಾಯಿಸಿ ತೊಳೆಯಬೇಕೆಂಬ ಸರಳ ಕ್ರಮವನ್ನು ಅಂದಿನಿಂದ ಲೋಕವೆಲ್ಲ ಕಲಿಯಿತು. ನಮ್ಮ ಉಪವಿಭಾಗದಲ್ಲಿ ಬೆಳ್ಳೂರು ಬಳಿಯ ಬಿ.ಜಿ. ನಗರದಲ್ಲಿ ಆದಿಚುಂಚನಗಿರಿ ವೈದ್ಯಕೀಯ ಕಾಲೇಜಿನ ದೊಡ್ಡ ಆಸ್ಪತ್ರೆಯೇ ಇದೆ, ಅದೂ ಟ್ಯಾಂಕರುಗಳು ಓಡುವ ಹೆದ್ದಾರಿಯ ಮಗ್ಗುಲಲ್ಲೇ. ಎಷ್ಟೋ ಜಿಲ್ಲಾ ಕೇಂದ್ರಗಳಿಗೇ ಇಲ್ಲದ ಅನುಕೂಲವಿದು.

ಅನಿಲದ ಕೆಲಸದಲ್ಲಿ ಧೈರ್ಯವೇ ಹೇಗೆ ಅಪಾಯವಾಗುತ್ತದೆ ಎಂಬುದಕ್ಕೆ ಕ್ಲೋರಿನ್ ಟನ್ನರನ್ನೇ ತೆಗೆದುಕೊಳ್ಳಿ. ಅದೊಂದು ಅಡ್ಡ ಮಲಗಿಸಿದ ಉಕ್ಕಿನ ಉರುಳೆ, ಒಳಗೆ ಸುಮಾರು 900 ಕಿಲೋ ದ್ರವ ಕ್ಲೋರಿನ್. ಕವಾಟದಲ್ಲಿ ಸೋರಿಕೆಯಾದರೆ ಯಾರಿಗಾದರೂ ಮೊದಲು ಹೊಳೆಯುವುದು ನೀರು ಹೊಡೆಯುವುದು. ಅದು ತಪ್ಪು: ನೀರು ಸೇರಿದ ಕ್ಲೋರಿನ್ ಆಮ್ಲವಾಗಿ ಉಕ್ಕನ್ನು ತಿಂದು ತೂತನ್ನು ಹಿಗ್ಗಿಸುತ್ತದೆ. ಬಲ್ಲವರು ಮೊದಲು ಉರುಳೆಯನ್ನು ಹೊರಳಿಸಿ ತೂತು ಮೇಲಕ್ಕೆ ಬರುವಂತೆ ಮಾಡುತ್ತಾರೆ, ಆಗ ದ್ರವದ ಬದಲು ಅನಿಲ ಮಾತ್ರ ಹೊರಬರುತ್ತದೆ. ದ್ರವವೇ ಹೊರಬಂದರೆ ಅದು ಅನಿಲವಾಗಿ ನಾನೂರು ಪಟ್ಟಿಗೂ ಮಿಕ್ಕಿ ಹಿಗ್ಗುತ್ತದೆ. ಆಮೇಲೆ ಟೊಪ್ಪಿಗೆ ಕೂರಿಸಿ ಬಿಗಿಯಬೇಕು. ಗಾಳಿಗಿಂತ ಎರಡೂವರೆ ಪಟ್ಟು ಭಾರವಾದ ಈ ಅನಿಲ ತಗ್ಗಿನಲ್ಲಿ ಹರಿದು ಚರಂಡಿ, ಹಳ್ಳ, ನಾಲೆಯ ಪಾತ್ರ ಹಿಡಿದು ಸಾಗುತ್ತದೆ; ಜನರನ್ನು ಗಾಳಿಗೆ ಅಡ್ಡಲಾಗಿ, ಎತ್ತರದ ಕಡೆಗೆ ಕಳಿಸಬೇಕು. ಒಳಗೆ ಹೋಗುವವರ ಬೆನ್ನಿನ ಗಾಳಿ ಸಿಲಿಂಡರ್ ಕಷ್ಟದ ಕೆಲಸದಲ್ಲಿ ಅರ್ಧ ಗಂಟೆ ಬಂದರೆ ಹೆಚ್ಚು. ಆದ್ದರಿಂದ ಇಬ್ಬಿಬ್ಬರೇ ಹೋಗಬೇಕು, ಹೊರಗೆ ಒಬ್ಬರು ಹಲಗೆಯ ಮೇಲೆ ಹೆಸರು, ಒಳಹೋದ ಹೊತ್ತು, ಒತ್ತಡ ಬರೆದುಕೊಂಡು ನಿಲ್ಲಬೇಕು, ಎಚ್ಚರಿಕೆಯ ಸೀಟಿ ಊದಿತೆಂದರೆ ಕೆಲಸ ಅರ್ಧಕ್ಕಿದ್ದರೂ ಹೊರಬರಬೇಕು. ಟ್ಯಾಂಕರಿನ ವಿಷಯವೂ ಇಷ್ಟೇ ಸೂಕ್ಷ್ಮ. ಹಿಂಬದಿಯ ಫಲಕದಲ್ಲಿ 1075 ಎಂದಿದ್ದರೆ ಅಡುಗೆ ಅನಿಲ, 1203 ಪೆಟ್ರೋಲು, 1017 ಕ್ಲೋರಿನ್, 1005 ಅಮೋನಿಯಾ. ದೂರದಿಂದಲೇ ಓದಿಕೊಳ್ಳಬೇಕಾದ ಈ ನಾಲ್ಕು ಅಂಕಿಗಳು ಗೊತ್ತಿಲ್ಲದವರು ಹತ್ತಿರ ಹೋಗಿ ನೋಡುತ್ತಾರೆ. 2013ರ ಏಪ್ರಿಲ್ 9ರಂದು ಇದೇ ಬೆಂಗಳೂರು–ಮಂಗಳೂರು ಹೆದ್ದಾರಿಯ ಪೆರ್ನೆಯಲ್ಲಿ ಅನಿಲ ಟ್ಯಾಂಕರ್ ಮಗುಚಿ ಬೆಂಕಿ ಹತ್ತಿ ರಸ್ತೆ ಬದಿಯ ಮನೆಗಳನ್ನೂ ಜನರನ್ನೂ ಸುಟ್ಟುಹಾಕಿತು.

ಉಪವಿಭಾಗಕ್ಕೊಂದು ಪಡೆ ಬೇಕೆಂಬ ಈ ವಾದಕ್ಕೆ ಬರುವ ಆಕ್ಷೇಪಗಳಲ್ಲಿ ಗಟ್ಟಿಯಾದದ್ದು ಮೈಸೂರಿನದು. ಶ್ರೀರಂಗಪಟ್ಟಣಕ್ಕೆ ಮೈಸೂರು 16 ಕಿ.ಮೀ., ಪಾಂಡವಪುರಕ್ಕೆ ಮಂಡ್ಯವೂ ದೂರವಲ್ಲ. ಎರಡು ದೊಡ್ಡ ಊರುಗಳ ನಡುವೆ ಇನ್ನೊಂದು ಪಡೆ ಏಕೆ ಎಂದು ಕೇಳಬಹುದು. ಶ್ರೀರಂಗಪಟ್ಟಣದ ಮಟ್ಟಿಗೆ ಈ ಮಾತು ನಿಜ. ನಾಗಮಂಗಲದ ಬಿಂಡಿಗನವಿಲೆಗೂ ಕೆ.ಆರ್. ಪೇಟೆಯ ಹಿನ್ನೀರಿನ ಹಳ್ಳಿಗಳಿಗೂ ನಿಜವಲ್ಲ. ಬೆಳ್ಳೂರು ಕ್ರಾಸಿಗೆ ಮೈಸೂರೂ ದೂರ, ಬೆಂಗಳೂರೂ ದೂರ. ಮೇಲಾಗಿ ಕಾವೇರಿ ಉಕ್ಕಿದ ದಿನ ಮೈಸೂರಿನವರಿಗೆ ತಮ್ಮ ನಂಜನಗೂಡು, ತಿ. ನರಸೀಪುರದ ಚಿಂತೆಯೇ ಸಾಕಷ್ಟಿರುತ್ತದೆ. ವಿಪತ್ತು ಎಲ್ಲರಿಗೂ ಒಟ್ಟಿಗೆ ಬರುವಾಗ ನೆರೆಯವರನ್ನು ನೆಚ್ಚುವ ಯೋಜನೆ ಯೋಜನೆಯೇ ಅಲ್ಲ.

ಇನ್ನೊಂದು ಆಕ್ಷೇಪ ಊರಿನವರ ಪರವಾದದ್ದು: ಕನಗನಮರಡಿಯಲ್ಲಿ ನೀರಿಗಿಳಿದದ್ದು ರೈತರೇ, 1995ರ ಕೋಬೆ ಭೂಕಂಪದಲ್ಲಿ ಅವಶೇಷದಡಿಯಿಂದ ಹೆಚ್ಚಿನವರನ್ನು ಹೊರತೆಗೆದದ್ದೂ ನೆರೆಹೊರೆಯವರೇ, ಪಡೆ ಏಕೆ ಬೇಕು? ಕೋಬೆಯ ಉದಾಹರಣೆಯನ್ನು ಕೊನೆಯವರೆಗೂ ನೋಡಬೇಕು. ಅಷ್ಟು ಜನ ನೆರೆಯವರಿಂದಲೇ ಉಳಿದರೂ ಟೋಕಿಯೊದ ಅಗ್ನಿಶಾಮಕ ಇಲಾಖೆ ಮರುವರ್ಷವೇ ಅಂಥ ದುರಂತಗಳಿಗೆಂದೇ ಪ್ರತ್ಯೇಕ ರಕ್ಷಣಾ ತುಕಡಿ ಕಟ್ಟಿತು, ಏಕೆಂದರೆ ನೆರೆಯವರ ಕೈಗೆ ಸಿಗದವರೂ ಇದ್ದರು. ಇನ್ನು ಅನಿಲದ ಮುಂದೆ ಊರಿನವರ ಔದಾರ್ಯ ಅವರಿಗೇ ಮುಳುವಾಗುತ್ತದೆ. ಉಸಿರುಗಟ್ಟುವ ಹಳೆಯ ಬಾವಿ, ಗೊಬ್ಬರ ಅನಿಲದ ಗುಂಡಿ, ಮಲಗುಂಡಿಗಳಲ್ಲಿ ಬಿದ್ದವನನ್ನು ಎತ್ತಲು ಇಳಿದವನು, ಅವನನ್ನು ಎತ್ತಲು ಇಳಿದ ಮತ್ತೊಬ್ಬ ಹೀಗೆ ಸಾಲಾಗಿ ಸತ್ತ ಸುದ್ದಿ ರಾಜ್ಯದ ಪತ್ರಿಕೆಗಳಲ್ಲಿ ಎಷ್ಟು ಬಾರಿ ಬಂದಿಲ್ಲ! ಅವರಲ್ಲಿ ಧೈರ್ಯಕ್ಕೇನೂ ಕೊರತೆಯಿರಲಿಲ್ಲ. ಕೇಂದ್ರದ ಆಪದ ಮಿತ್ರ ಯೋಜನೆ ಊರಿನ ಯುವಕರಿಗೆ ತರಬೇತಿ ಕೊಡುತ್ತಿರುವುದು ಒಳ್ಳೆಯದೇ, ಆದರೆ ಆ ಯುವಕರನ್ನು ಕರೆಯುವವರು ಯಾರು, ಕರೆದ ಮೇಲೆ ಯಾರ ಮಾತು ಕೇಳಬೇಕು ಎಂಬುದು ಇತ್ಯರ್ಥವಾಗದೆ ತರಬೇತಿ ಪ್ರಮಾಣಪತ್ರವಾಗಿ ಉಳಿದುಬಿಡುತ್ತದೆ.

ದುಡ್ಡಿನ ಆಕ್ಷೇಪಕ್ಕೆ ಉತ್ತರ ಚಿಕ್ಕದು: ಹೊಸ ಕಟ್ಟಡ, ಹೊಸ ಹುದ್ದೆ ಯಾವುದೂ ಬೇಕಿಲ್ಲ. ನಾಲ್ಕೂ ತಾಲ್ಲೂಕುಗಳ ಅಗ್ನಿಶಾಮಕ ಸಿಬ್ಬಂದಿಯಿಂದ ಆಯ್ದ ಕೆಲವರು, ಗೃಹರಕ್ಷಕರು, ನೀರಾವರಿ ನಿಗಮದ ನಾಲೆ ಸಿಬ್ಬಂದಿ, 108ರ ಶುಶ್ರೂಷಕರು, ಬಿ.ಜಿ. ನಗರದ ಆಸ್ಪತ್ರೆಯ ತುರ್ತು ವಿಭಾಗ ಇವರನ್ನು ಒಂದು ಆದೇಶದಡಿ ತಂದು, ನೀರಿನ ಸಲಕರಣೆಯನ್ನು ಪಾಂಡವಪುರದಲ್ಲೂ ಅನಿಲದ ಸಲಕರಣೆಯನ್ನು ನಾಗಮಂಗಲದಲ್ಲೂ ಇರಿಸಿದರೆ ಪಡೆ ಸಿದ್ಧ. ತಡೆಗೋಡೆ ಕಟ್ಟಿದರೆ ಪಡೆಯೇ ಬೇಡ ಎನ್ನುವವರಿಗೆ ಹೇಳುವುದಿಷ್ಟೆ: ತಡೆಗೋಡೆ ಬೇಕೇ ಬೇಕು, ಎಲ್ಲಿ ಮೊದಲು ಬೇಕೆಂದು ಹೇಳಬಲ್ಲವರೂ ನಾಲೆಯ ಏರಿಯ ಮೇಲೆ ಅಭ್ಯಾಸ ಮಾಡುವ ಈ ಪಡೆಯವರೇ. 2021ರ ಅಣೆಕಟ್ಟೆ ಸುರಕ್ಷತಾ ಕಾಯ್ದೆ ಕಟ್ಟೆಗಳಿಗೆ ತುರ್ತು ಕ್ರಿಯಾಯೋಜನೆ ಕಡ್ಡಾಯ ಮಾಡಿದೆ. ಕನ್ನಂಬಾಡಿಯ ಯೋಜನೆ ಕಾಗದದ ಮೇಲೆ ಎಷ್ಟು ಚೆನ್ನಾಗಿದ್ದರೂ ಕಟ್ಟೆಯ ಕೆಳಗಿನ ಹಳ್ಳಿಗಳ ಬಾಗಿಲು ತಟ್ಟುವ ಕಾಲುಗಳು ಈ ಉಪವಿಭಾಗದವೇ ಆಗಿರುತ್ತವೆ.

1996ರ ನಿಯಮ ಎ.ಸಿ.ಯವರಿಗೆ ಕೊಟ್ಟಿರುವ ಅಧ್ಯಕ್ಷ ಪೀಠಕ್ಕೆ ಹೊಸ ಕಾಯ್ದೆ ಬೇಕಿಲ್ಲ. ರಾಸಾಯನಿಕದ ಜೊತೆಗೆ ನೀರು, ಹೆದ್ದಾರಿಗಳನ್ನೂ ಅದರ ಪರಿಧಿಗೆ ಸೇರಿಸಲು ಜಿಲ್ಲಾ ಪ್ರಾಧಿಕಾರದ ಒಂದು ನಿರ್ಣಯ ಸಾಕು. ಜಿಲ್ಲಾಡಳಿತ ಆ ನಿರ್ಣಯ ಮಾಡಲಿ, ವಿ.ಸಿ. ನಾಲೆಗೆ ಮುಂದಿನ ಮುಂಗಾರಿನ ನೀರು ಬಿಡುವ ಮೊದಲು ಪಾಂಡವಪುರದಲ್ಲಿ ಮೊದಲ ಸಭೆಯೂ, ನೀರು ಬಿಟ್ಟ ಮೇಲೆ ಏರಿಯ ಮೇಲೆ ಮೊದಲ ಅಣಕು ಕಾರ್ಯಾಚರಣೆಯೂ ನಡೆಯಲಿ.